ಗಿರಣಿ ಸಾಹೇಬರ ಸಾವು

ದೇವರು ಮೈಮೇಲೆ ಬರುವವರನ್ನು ನಾನು ಬಹಳ ವರ್ಷ ನನ್ನ ವೃತ್ತಿಬಾಂಧವರೆಂದೇ ತಿಳಿದಿದ್ದೆ. ಅವರು ಧ್ವನಿ ಬದಲಿಸುತ್ತಾರೆ, ನಾನೂ ಬದಲಿಸುತ್ತೇನೆ. ಅವರಿಗೆ ಕಾಯಿ, ಬಾಳೆಹಣ್ಣು ಸಿಗುತ್ತದೆ. ನನಗೆ ಒಂದು ಶಾಲು ಮತ್ತು ಆರಿದ ಚಹಾ. ಕಣ್ಣು ಮೇಲೆ ಮಾಡಿ, ಹಲ್ಲು ಕಡಿದು, ಹೂಂಕರಿಸಿ ಹೇಳಿಕೆ ಕೊಡುವುದನ್ನು ನಾನು ಎಷ್ಟೋ ಮದುವೆ ಮನೆಗಳಲ್ಲಿ ಮಾಡಿ ತೋರಿಸಿದ್ದೇನೆ. ಒಮ್ಮೆ ಬನವಾಸಿ ಕಡೆ ಒಬ್ಬ ಮುದುಕಿ ಅದು ಮಿಮಿಕ್ರಿ ಎಂದು ತಿಳಿಯದೆ ನನ್ನ ಕಾಲಿಗೆ ಬಿದ್ದು, ತನ್ನ ಎಮ್ಮೆ ಯಾವ ದಿಕ್ಕಿಗೆ ಹೋಯಿತೆಂದು ಕೇಳಿದಳು. ಮೂಡಲು ಎಂದೆ. ಎಮ್ಮೆ ಪಡುವಲಲ್ಲಿ ಸಿಕ್ಕಿತಂತೆ. ಆದರೂ ಆಕೆಯ ನಂಬಿಕೆ ಕುಂದಲಿಲ್ಲ. ದೇವರು ಆಚೆ ಮುಖ ಮಾಡಿ ನಿಂತಿರಬೇಕು ಎಂದಳು.

ಇಷ್ಟು ಮೊದಲೇ ಹೇಳಿಬಿಟ್ಟಿದ್ದೇನೆ. ಮುಂದಿನದನ್ನು ಬೇರೆ ಯಾರಾದರೂ ಹೇಳಿದ್ದರೆ, ಅವರದೇ ಧ್ವನಿ ತೆಗೆದು ಊರೆಲ್ಲ ನಗಿಸುವವರಲ್ಲಿ ನಾನೇ ಮೊದಲಿಗನಾಗಿರುತ್ತಿದ್ದೆ. ನೀವೂ ನಗಬಹುದು. ನನ್ನ ಅಭ್ಯಂತರವಿಲ್ಲ.

ದಾಸನಕೊಪ್ಪದಲ್ಲಿ ನಮ್ಮದೊಂದು ಗಿರಣಿ ಇದೆ. ಮುಂದೆ ಹಿಟ್ಟು ಬೀಸುವುದು, ಹಿಂದೆ ಭತ್ತ ಹೊಡೆಯುವುದು. ಕಟ್ಟಿಸಿದವನು ಅಜ್ಜ. ಅಪ್ಪ ತೀರಿಕೊಂಡ ಮೇಲೆ ಯಜಮಾನಿಕೆ ಅವನ ತಮ್ಮ ಸಿದ್ಲಿಂಗ ಕಾಕಾನದು, ಹಿಟ್ಟು ಮೆತ್ತಿಕೊಳ್ಳುವುದು ನನ್ನದು. ಗಿರಣಿ ಓಡುವಾಗ ಯಾರ ಮಾತೂ ಕೇಳಿಸುವುದಿಲ್ಲವಾದ್ದರಿಂದ ಚಿಕ್ಕಂದಿನಿಂದ ನಾನು ಜನರ ಬಾಯಿ ನೋಡುತ್ತಲೇ ಬೆಳೆದೆ. ಹಾಗೆ ನೋಡಿ ನೋಡಿ ಶಿರಸಿ ಬಸ್ಸಿನ ಕಂಡಕ್ಟರು, ನಮ್ಮ ಹೆಡ್ ಮಾಸ್ತರು, ಸಾಲ ಕೇಳಲು ಬಂದ ನೆಂಟರು, ಎಲ್ಲರೂ ನನ್ನ ಗಂಟಲೊಳಗೆ ಬಂದು ಕೂತರು. ಅಲ್ಲಿ ಎಷ್ಟು ಗದ್ದಲವೆಂದರೆ ನನ್ನ ಸ್ವಂತ ಧ್ವನಿಗೆ ನಿಲ್ಲಲು ಜಾಗವಿಲ್ಲ. ಹೆಣ್ಣು ನೋಡಲು ಹೋದಾಗ ಬೇಕೆಂದರೂ ಅದು ಸಿಗದೆ, ಹೆಡ್ ಮಾಸ್ತರ ಧ್ವನಿಯಲ್ಲಿ "ನಿನ್ನ ಹೆಸರೇನಮ್ಮಾ?" ಎಂದು ಕೇಳಿ ಬಂದವನು ನಾನು. ಉತ್ತರ ಇನ್ನೂ ಬಂದಿಲ್ಲ.

ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಅಜ್ಜನ ಧ್ವನಿ. ಗದ್ದ ಒಳಗೆಳೆದು, ಉಸಿರನ್ನು ಎದೆಯಲ್ಲೇ ಹಿಡಿದು, ನಾಲಿಗೆಯ ತುದಿಯನ್ನು ಮುಂದಿನ ಹಲ್ಲಿಗೆ ಒತ್ತಿದರೆ ಸಾಕು. ಅಜ್ಜನದು ಬೈಗುಳಕ್ಕೆಂದೇ ದೇವರು ಮಾಡಿಸಿದ ಬಾಯಿ. ಚೀಲ ಹೊತ್ತವರು ಅಜ್ಜ ಬೈದರೆ ಭಾರ ಕಡಿಮೆಯಾಗುತ್ತದೆ ಎನ್ನುತ್ತಿದ್ದರು. ಆ ಬಾಯಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಸಲ ಹೋದವು. ಮುಖದ ಒಂದು ಪಕ್ಕ ಜೋತುಬಿತ್ತು. ಅಂದಿನಿಂದ ಅಜ್ಜನ ಧ್ವನಿ ಎಂಬುದು ಈ ಲೋಕದಲ್ಲಿ ಎಲ್ಲಾದರೂ ಉಳಿದಿದ್ದರೆ ಅದು ನನ್ನ ಗಂಟಲಲ್ಲಿ. ನಾನು ಅವನ ಪಕ್ಕ ನಿಂತು ಗಿರಾಕಿಗಳನ್ನು ಅವನದೇ ಧ್ವನಿಯಲ್ಲಿ ಗದರಿಸಿದರೆ ಅಜ್ಜನ ಸರಿ ಇದ್ದ ಅರ್ಧ ಮುಖ ನಗುತ್ತಿತ್ತು.

ಇನ್ನು ಸಾಹೇಬರು. ಸಾಹೇಬರೆಂದರೆ ನಮ್ಮ ಗಿರಣಿಯ ಕೇರೆ ಹಾವು. ಹಿಂದಿನ ಕಲ್ಲುಗೋಡೆಯ ಸಂದಿನಲ್ಲಿ ವಾಸ. ಇಲಿಗಳ ಲೆಕ್ಕ ನೋಡಲು ಸಂಜೆ ಹೊಟ್ಟಿನ ರಾಶಿ ಸುತ್ತಿ, ಭತ್ತದ ಚೀಲಗಳ ಮೇಲೆ ಹಾದು ಹೋಗುತ್ತಿತ್ತು. ಅಜ್ಜ ಮಾತಾಡುತ್ತಿದ್ದ ಕಾಲದಲ್ಲಿ "ಬಾಜೂಕ ಸರೀರಿ, ಸಾಹೇಬ್ರು ರೌಂಡಿಗೆ ಬಂದಾರ" ಎಂದು ಆಳುಗಳನ್ನು ಸರಿಸುತ್ತಿದ್ದ. ನಾವು ಅದನ್ನು ಸಾಕಿದ್ದೆವೆಂದು ಹೇಳುವುದು ಅಷ್ಟು ಸರಿಯಲ್ಲ. ಇಲಿಯ ಬಾಯಿಂದ ಕಾಳು ಉಳಿಸಿ ಅದೇ ನಮ್ಮನ್ನು ಸಾಕಿತು. ಲಕ್ವ ಹೊಡೆದ ಮೇಲೆ ಅಜ್ಜನ ಕುರ್ಚಿ ಹಿತ್ತಲ ಕಿಟಕಿಗೆ ಬಂತು. ಸಾಹೇಬರು ಬಿಸಿಲು ಕಾಯಲು ಅದೇ ಕಿಟಕಿಯ ಕಟ್ಟೆಗೆ ಬರುತ್ತಿದ್ದರು. ಇಬ್ಬರೂ ಮಾತಾಡುವಂತಿಲ್ಲ. ಎದುರುಬದುರು ಕೂತಿರುತ್ತಿದ್ದರು. ಅಜ್ಜ ಸರಿಯಾಗಿ ಊಟ ಮಾಡಿದನೋ ಇಲ್ಲವೋ ಎಂದು ತಿಳಿಯಲು ಅವ್ವ ಕೇಳುತ್ತಿದ್ದುದು ಒಂದೇ: "ಇವತ್ತ ಸಾಹೇಬ್ರು ಬಂದಿದ್ರೇನು?"

ಸಾಹೇಬರಿಗೆ ಊರಲ್ಲಿ ವಿರೋಧಿ ಇದ್ದವನು ಒಬ್ಬನೇ, ನಮ್ಮ ಹಿತ್ತಲಿಗೆ ಹೊಂದಿಕೊಂಡ ಮನೆಯ ಮಾಬ್ಲಣ್ಣ. ಕಾನಸೂರು ಕಡೆಯವನು, ಇಲ್ಲಿ ಬಂದು ಸೈಕಲ್, ಬೈಕಿನ ಪಂಕ್ಚರ್ ಅಂಗಡಿ ಹಾಕಿದವನು. ಹಿಂದೆ ಒಂದಿಷ್ಟು ನಾಟಿ ಕೋಳಿ ಸಾಕಿದ್ದ. ಸಾಹೇಬರು ಆಗಾಗ ಬೇಲಿ ದಾಟಿ ಅವನ ಮೊಟ್ಟೆಗಳನ್ನೂ ತಪಾಸಣೆ ಮಾಡುತ್ತಿದ್ದುದು ನಿಜ. ಆಗ ಅವನು ಬೇಲಿಯ ಮೇಲೆ ಕುತ್ತಿಗೆ ಚಾಚಿ ಕೂಗುತ್ತಿದ್ದ: "ಎಂತ ಮಾರಾಯಾ, ನಿಮ್ಮ ಸಾಹೇಬ್ರಿಗೆ ಸಂಬಳ ಕೊಡೂದಿಲ್ವನಾ? ಒಂದಿನ ನಾನೇ ಹೊಡ್ದು ಹಾಕ್ತೆ ನೋಡು!" ನಾನು ಅದನ್ನೇ ಅವನ ಧ್ವನಿಯಲ್ಲಿ ಅವನಿಗೆ ಒಪ್ಪಿಸುತ್ತಿದ್ದೆ. ಅವನೂ ನಗುತ್ತಿದ್ದ.

ಕಾಕಾನಿಗೆ ಬೇರೆ ಚಿಂತೆ. ಹಿಂದಿನ ಗೋಡೆ ಒಡೆದು, ರಸ್ತೆಯತನಕ ಅಂಗಡಿ ಸಾಲು ಎಬ್ಬಿಸಬೇಕೆಂದು ಅವನ ಆಸೆ. ಆದರೆ ಸಾಹೇಬರು ಇರುವತನಕ ಗೋಡೆ ಮುಟ್ಟಬಾರದೆಂದು ಅಜ್ಜ ಮಾತಿದ್ದಾಗಲೇ ಹೇಳಿಬಿಟ್ಟಿದ್ದ. ಅದು ಊರಿಗೆಲ್ಲ ಗೊತ್ತು. ಯಾವ ಗೌಂಡಿಯೂ ಆ ಗೋಡೆಗೆ ಹಾರೆ ಹಾಕಲು ಒಪ್ಪುತ್ತಿರಲಿಲ್ಲ.

ಒಂದು ದಿನ ಸಾಹೇಬರು ಹೊಟ್ಟಿನ ರಾಶಿಯ ಪಕ್ಕ ಉದ್ದಕ್ಕೆ ಬಿದ್ದಿದ್ದರು. ಮೈಮೇಲೆ ಪೆಟ್ಟಿಲ್ಲ, ರಕ್ತವಿಲ್ಲ. ನಡುವಿನಲ್ಲಿ ಸ್ವಲ್ಪ ಉಬ್ಬಿತ್ತು. ಇಲಿ ನುಂಗಿದ ದಿನ ಯಾವಾಗಲೂ ಹಾಗೇ ಇರುತ್ತಿತ್ತಾದ್ದರಿಂದ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಜ್ಜ ಕಿಟಕಿಯಲ್ಲಿ ಕೂತು, ಬಾಯಿ ತೆರೆದು, ಶಬ್ದವಿಲ್ಲದೆ ಅಳುತ್ತಿದ್ದ. ಶಬ್ದವಿಲ್ಲದ ಅಳುವನ್ನು ನಕಲು ಮಾಡಲು ಬರುವುದಿಲ್ಲ. ಅದು ನನಗೆ ಅಂದೇ ಗೊತ್ತಾದದ್ದು.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಸಾಹೇಬರನ್ನು ಬೇರೆ ಥರ ಕಳಿಸಲು ಅವ್ವ ಒಪ್ಪಲಿಲ್ಲ. ಹಾವನ್ನು ಕೂರಿಸುವುದು ಹೇಗೆ? ಗುಂಡಿಯ ಸುತ್ತ ನಿಂತು ದೊಡ್ಡ ಚರ್ಚೆ ನಡೆಯಿತು. ಕೊನೆಗೆ ಅವ್ವನೇ ತೀರ್ಪು ಕೊಟ್ಟಳು: "ಸಿಂಬಿ ಸುತ್ತಿದ್ರ ಹಾವು ಕುಂತಂಗ." ವಿಭೂತಿ ಹಚ್ಚಿ, ಬಿಳಿ ಅರಿವೆಯ ಮೇಲೆ ನಾನು ಸಿಂಬಿ ಸುತ್ತಲು ಹೋದರೆ ನಡು ಬಗ್ಗಲಿಲ್ಲ. ಎರಡು ಸಲ ಪ್ರಯತ್ನಿಸಿದೆ. ಕಾಕಾ ಅವಸರ ಮಾಡಿದ. "ಸತ್ತದ್ದು ಸೆಟದಿರ್ತೈತಿ, ಹಾಕಲೇ ಮಣ್ಣು," ಎಂದ. ಹಾಕಿದೆವು.

ಮನೆಗೆ ಬಂದರೆ ಅಜ್ಜ ಎಡಗೈ ಎತ್ತಿ ಮಾಬ್ಲಣ್ಣನ ಕೋಳಿಗೂಡಿನ ಕಡೆ ಬೆರಳು ತೋರಿಸುತ್ತಿದ್ದ. ಮತ್ತೆ ಮತ್ತೆ ಅದೇ. ತೋರಿಸಿ, ಐದೂ ಬೆರಳು ಕೂಡಿಸಿ ಗುಂಡಗೆ ಮಾಡುತ್ತಿದ್ದ. ಅವ್ವ ಉಂಡಿ ತಂದುಕೊಟ್ಟಳು. ಅಜ್ಜ ಅದನ್ನು ಗೋಡೆಗೆ ಎಸೆದ. ಆಮೇಲೆ ಒಂದೆರಡು ಗುಟುಕು ಹಾಲಿನ ಹೊರತು ಊಟವನ್ನೇ ಬಿಟ್ಟ. ಗಂಜಿ ಬಾಯಿಗೆ ಹಾಕಿದರೆ ಹೊರಗೆ ಬಿಡುತ್ತಿದ್ದ. ಡಾಕ್ಟರು ಹೀಗೇ ಆದರೆ ಕಷ್ಟ ಎಂದರು. ನನಗೆ ಗುಂಡಗಿನ ಬೆರಳು ಬೇಕಾಗಿರಲಿಲ್ಲ, ಚಾಚಿದ ಬೆರಳೇ ಸಾಕಾಗಿತ್ತು. ಅಜ್ಜ ಕೊಲೆಗಾರನನ್ನು ತೋರಿಸಿಕೊಟ್ಟಿದ್ದಾನೆ, ಇನ್ನೇನು ಪಂಚನಾಮೆ!

ನನ್ನ ಸೇಡು ಆವತ್ತೇ ಸುರುವಾಯಿತು. ಬಡಿಗೆ ಹಿಡಿಯುವ ತೋಳು ನನಗಿಲ್ಲ, ಇರುವುದು ಗಂಟಲು. ಮಾಬ್ಲಣ್ಣ ಸಂಜೆ ಕೋಳಿ ಕರೆಯುವ ಹೊತ್ತಿಗೆ ಸ್ವಲ್ಪ ಮೊದಲು, ನಾನು ನಮ್ಮ ಹಿತ್ತಲಲ್ಲಿ ನಿಂತು ಅವನದೇ ಧ್ವನಿಯಲ್ಲಿ "ಬೋ ಬೋ ಬೋ" ಎನ್ನುತ್ತಿದ್ದೆ. ಕೋಳಿಗಳು ಬೇಲಿ ನುಸುಳಿ ನಮ್ಮ ನುಚ್ಚಿಗೆ ಓಡಿಬರುತ್ತಿದ್ದವು. ಅಸಲಿ ಮಾಬ್ಲಣ್ಣ ಬಂದು ಕರೆದರೆ ಒಂದೂ ತಲೆ ಎತ್ತುತ್ತಿರಲಿಲ್ಲ. ಅವನು ಗೂಡಿನ ಮುಂದೆ ನಿಂತು ತನ್ನ ಕೋಳಿಗಳನ್ನೇ ದಮ್ಮಯ್ಯಗುಡ್ಡೆ ಹಾಕಿ ಕರೆಯುವುದನ್ನು ನೋಡಿ ನನಗೆ ಹಬ್ಬದೂಟ ಉಂಡಷ್ಟು ಸುಖವಾಗುತ್ತಿತ್ತು. ಅಂಗಡಿಯ ಮುಂದೆಯೂ ಬಿಡಲಿಲ್ಲ. ಗಿರಾಕಿ ಬಂದರೆ ಸಾಕು, ಎದುರಿನ ಕಟ್ಟೆಯಿಂದ ಅವನ ಧ್ವನಿಯಲ್ಲೇ "ಒಂದಿನ ನಾನೇ ಹೊಡ್ದು ಹಾಕ್ತೆ ನೋಡು" ಎಂದು ಕೂಗುತ್ತಿದ್ದೆ. ಮನೆ ಕಾಯುವ ಹಾವನ್ನು ಕೊಂದವನ ಕೈಯಿಂದ ಗಾಳಿ ಹಾಕಿಸಿಕೊಳ್ಳಲು ಜನ ಹೆದರಿದರು. ಅಂಗಡಿ ಖಾಲಿಯಾಯಿತು. ಅವನು ಕಾನಸೂರಿಗೇ ವಾಪಸು ಹೋಗುವ ಮಾತಾಡುತ್ತಿದ್ದಾನೆಂದು ಸುದ್ದಿ ಬಂತು. ನನಗೆ ಅದೂ ಕಡಿಮೆ ಅನ್ನಿಸಿತು. ಊರ ಮುಂದೆ ಒಪ್ಪಿಕೊಂಡೇ ಹೋಗಬೇಕು.

ಕಾಯಿ ಮುಟ್ಟಿಸುವ ಮಾತು ತೆಗೆದವನು ಕಾಕಾ. ಕೆರೆ ಏರಿಯ ಮೇಲೆ ನಮ್ಮ ಭೂತಪ್ಪನ ಕಟ್ಟೆ ಇದೆ. ಕಳವು, ಜಗಳ, ಏನೇ ಆದರೂ ಆಪಾದನೆ ಬಂದವನು ಅಲ್ಲಿಟ್ಟ ತೆಂಗಿನಕಾಯಿಯ ಮೇಲೆ ಕೈಯಿಟ್ಟು ಆಣೆ ಮಾಡಬೇಕು. ಸುಳ್ಳು ಹೇಳಿದರೆ ಭೂತಪ್ಪ ನೋಡಿಕೊಳ್ಳುತ್ತಾನೆ. ಮಾಬ್ಲಣ್ಣ ಹಿಂಜರಿಯುತ್ತಾನೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ ಎಂದು ಕಾಕಾ ಎಣಿಸಿದ್ದ. ಮಾಬ್ಲಣ್ಣ ಹಿಂಜರಿಯಲಿಲ್ಲ. "ಒಂದೆಂತಕ್ಕೆ, ಹತ್ತು ಕಾಯಿ ಮುಟ್ತೆ ನಾ. ನಂಗೂ ಸಾಕಾಗೋಯ್ತು," ಎಂದ.

ನನ್ನಲ್ಲಿ ಬೇರೊಂದು ಹೂಟವಿತ್ತು. ಅಜ್ಜನನ್ನೂ ಕಟ್ಟೆಗೆ ಕರೆದೊಯ್ಯುವುದು, ಅವನ ಕುರ್ಚಿಯ ಹಿಂದೆ ನಾನು ನಿಲ್ಲುವುದು. ಮಾಬ್ಲಣ್ಣ ಕಾಯಿಯ ಮೇಲೆ ಕೈಯಿಟ್ಟ ಕೂಡಲೆ ಅಜ್ಜನ ಧ್ವನಿಯಲ್ಲಿ "ಸುಳ್ಳ ಬೊಗಳಬ್ಯಾಡಲೇ!" ಎಂದು ಗುಡುಗುವುದು. ನಾನೆಂದು ಎಲ್ಲರಿಗೂ ಗೊತ್ತಾದರೂ ಆ ಧ್ವನಿಗೆ ಎದೆ ನಡುಗದವರು ನಮ್ಮೂರಲ್ಲಿ ಇಲ್ಲ. ಕಾಕಾನಿಗೆ ಇದು ಬೇಡವಾಗಿತ್ತು. "ಮುದುಕಗ ಬಿಸಲಾಗ ಯಾಕ ತ್ರಾಸು?" ಎಂದ. ಆದರೆ ಅಜ್ಜ ನನ್ನ ಅಂಗಿಯ ತುದಿ ಹಿಡಿದುಕೊಂಡು ಬಿಡಲೇ ಇಲ್ಲ. ಟಂಟಂ ರಿಕ್ಷಾದಲ್ಲಿ ಕೂರಿಸಿಕೊಂಡು ಹೋದೆವು.

ಮಟಮಟ ಮಧ್ಯಾಹ್ನ. ದೆವ್ವಗಳಿಗೂ ಊಟದ ವಿರಾಮ ಇರುವ ಹೊತ್ತು. ಜನ ಮರದ ನೆರಳಿಗೆ ಒತ್ತಿಕೊಂಡು ನಿಂತಿದ್ದರು. ಮಾಬ್ಲಣ್ಣ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಅವನು ಕಾಯಿಯ ಮೇಲೆ ಕೈಯಿಟ್ಟು, "ಭೂತಪ್ಪಾ, ಬಾಯಲ್ಲಿ ಹೇಳಿದ್ದು ಹೌದು, ಹಾವ್ನ ನಾ ಹೊಡಿಲಿಲ್ಲ" ಎಂದ. ನಾನು ಗದ್ದ ಒಳಗೆಳೆದೆ, ಉಸಿರು ಹಿಡಿದೆ, ನಾಲಿಗೆಯನ್ನು ಹಲ್ಲಿಗೆ ಒತ್ತಿದೆ. ಅಷ್ಟರಲ್ಲಿ ಅಜ್ಜನ ಎಡಗೈ ಹಿಂದಕ್ಕೆ ಬಂದು ನನ್ನ ಮುಂಗೈ ಹಿಡಿಯಿತು. ಆ ಬಿಸಿಲಲ್ಲೂ ಅದು ತಣ್ಣಗಿತ್ತು.

ನಾನು "ಸುಳ್ಳ" ಎನ್ನಲು ಬಾಯಿ ತೆರೆದೆ. ಬಂದದ್ದು ಇದು:

"ಅಂವಲ್ಲ. ಕೈ ತಗಿಯೋ ಮಾಬ್ಲಾ. ಹೊಟ್ಟ್ಯಾಗ ಕಲ್ಲಿನ ತತ್ತಿ ಐತಿ, ನೀಲಿ ಗೆರಿದು. ಅಗದು ನೋಡ್ರಿ. ಸಿದ್ಲಿಂಗಾ, ಖರೇ ತತ್ತಿ ಒಡದು ಅದಕ್ಕ ಸವರಿದೆಲ್ಲೋ, ನನ್ನ ಕಣ್ಣ ಮುಂದ. ನಾ ಕೂಗಾಕ ಬಾಯಿ ತಗದ್ರ ನನ್ನ ನೋಡಿ ನಕ್ಕೆಲ್ಲೋ. ಆ ಕಲ್ಲು ನಿನ್ನ ಗಂಟಲದಾಗ ಕುಂದ್ರಲಿ."

ಗಂಟಲು ನನ್ನದೇ. ಮಾತನ್ನು ಮಾತ್ರ ನಾನು, ಬಸ್ಸಿನಲ್ಲಿ ಹಿಂದಿನ ಸೀಟಿನವರು ಆಡಿದ್ದನ್ನು ಕೇಳಿಸಿಕೊಳ್ಳುವಂತೆ, ಉಳಿದವರೊಡನೆಯೇ ಕೇಳಿಸಿಕೊಂಡೆ. ತತ್ತಿ ಎಂದರೆ ಮೊಟ್ಟೆ, ಆದರೆ ಕಲ್ಲಿನ ತತ್ತಿ ಎಂದರೇನೆಂದು ಆ ಕ್ಷಣಕ್ಕೆ ನನಗೆ ಗೊತ್ತಿರಲಿಲ್ಲ. ಇದನ್ನು ಎಷ್ಟು ಸಲ ಯೋಚಿಸಿದರೂ, ಗೊತ್ತಿರಲಿಲ್ಲವೆಂದೇ ಹೇಳಬೇಕಾಗುತ್ತದೆ.

ಮೊದಲು ಬಾಯಿ ಬಿಟ್ಟವನು ಕಾಕಾ. "ಇವಗ ಯಾರು ಹೇಳಿದ್ರು? ಸುಳ್ಳು! ಅಲ್ಲಿ ಯಾರೂ ಇದ್ದಿಲ್ಲ!"

ಮಾಬ್ಲಣ್ಣ ಕಾಯಿಯಿಂದ ಇನ್ನೂ ಕೈ ತೆಗೆದಿರಲಿಲ್ಲ. ಮೆಲ್ಲಗೆ ಕೇಳಿದ: "ಅಲ್ಲಿ ಅಂದ್ರೆ ಎಲ್ಲಿ, ಸಿದ್ಲಿಂಗಣ್ಣಾ?"

ನಮ್ಮ ಹಿತ್ತಲಲ್ಲಿ ಯಾರೂ ಇಲ್ಲದ ಹೊತ್ತು ಎಂಬುದೇ ಇಲ್ಲ. ಕಿಟಕಿಯಲ್ಲಿ ಅಜ್ಜ ಯಾವಾಗಲೂ ಇರುತ್ತಾನೆ. ಮಾತಿಲ್ಲದವನನ್ನು ಕಾಕಾ ಎಣಿಕೆಗೇ ಹಿಡಿದಿರಲಿಲ್ಲ.

ಅಗೆದು ನೋಡಿದೆವು. ಸಾಹೇಬರ ಮೈ ಮಣ್ಣಾಗತೊಡಗಿತ್ತು. ನಡುವಿನಲ್ಲಿ ಬಿಳಿ ಕಲ್ಲು ಮಾತ್ರ ಇಟ್ಟ ಹಾಗೇ ಇತ್ತು. ತೊಳೆದರೆ ಸುತ್ತ ಒಂದು ನೀಲಿ ಗೆರೆ. ಮಾಬ್ಲಣ್ಣ ಅದನ್ನು ಅಂಗೈಲಿಟ್ಟುಕೊಂಡು ಕೂತುಬಿಟ್ಟ. ಎಂದೋ ಮಾಗೋಡಿಗೆ ಹೋದಾಗ ಹೊಳೆಯಲ್ಲಿ ಸಿಕ್ಕ ಬೆಣಚುಕಲ್ಲು ಅದು, ಥೇಟ್ ಮೊಟ್ಟೆಯದೇ ಆಕಾರ. ಕೋಳಿ ದಿನಾ ಒಂದೇ ಜಾಗದಲ್ಲಿ ಮೊಟ್ಟೆ ಇಡಲೆಂದು ಅದನ್ನು ಗೂಡಿನಲ್ಲಿಟ್ಟಿದ್ದ. ಹೆಂಡತಿ ಅಪ್ಪಿತಪ್ಪಿ ಅದನ್ನೇ ಬೇಯಿಸಬಾರದೆಂದು ಸೈಕಲ್ಲಿಗೆ ಬಳಿಯುವ ನೀಲಿ ಬಣ್ಣದಿಂದ ಗೆರೆ ಎಳೆದಿದ್ದ. "ಕಳ್ದೋಗಿತ್ತು ಇದು. ಒಂದು ಕಲ್ಲಿಗೆ ಯಾರ ಹತ್ರ ದೂರು ಹೇಳೂದು ಅಂತ ಸುಮ್ನಿದ್ದೆ," ಎಂದ. ಕಾಕಾ ಅದನ್ನು ಗೂಡಿನಿಂದ ತೆಗೆದು, ಹಸಿ ಮೊಟ್ಟೆ ಸವರಿ, ಸಾಹೇಬರ ದಾರಿಯಲ್ಲಿಟ್ಟಿದ್ದ. ನುಂಗಿದ್ದು ಕರಗಲಿಲ್ಲ, ಮುಂದೆ ಹೋಗಲಿಲ್ಲ, ಹಿಂದೆ ಬರಲಿಲ್ಲ. ಜೀವಮಾನವೆಲ್ಲ ನಕಲು ಮಾಡಿ ಬದುಕಿದವನಿಗೆ ನಕಲಿ ಮೊಟ್ಟೆಯನ್ನು ನೋಡಿ ನಗು ಬರಬೇಕಿತ್ತು. ಬರಲಿಲ್ಲ.

ಅಂದು ಸಂಜೆ ಅಜ್ಜ ಊಟ ಕೇಳಿದ. ಗಂಜಿಯನ್ನು ತಳ್ಳಿ ರೊಟ್ಟಿಯ ಬುಟ್ಟಿ ತೋರಿಸಿದ. ಸರಿ ಇದ್ದ ಪಕ್ಕದ ಹಲ್ಲಿನಲ್ಲಿ ಅಗಿದು ಅಗಿದು ಪೂರ್ತಿ ತಿಂದ. ಮಾಬ್ಲಣ್ಣ ಕಾನಸೂರಿಗೆ ಹೋಗಲಿಲ್ಲ. ನಾನು ಬೇಲಿಯ ಹತ್ತಿರ ನಿಂತು ತಪ್ಪಾಯಿತೆಂದಾಗ, "ನಿನ್ನ ಧ್ವನಿಯಲ್ಲೇ ಹೇಳ್ತಾ ಇದ್ಯ, ಅಲ್ಲ ಯಾರ್ದಾದ್ರೂ ತಂದ್ಯನಾ?" ಎಂದು ಕೇಳಿ, ಕೋಳಿ ವಾಪಸು ಕರೆದುಕೊಡು ಎಂದ.

ಕಾಕಾನಿಗೆ ಆ ವಾರದಿಂದಲೇ ನುಂಗಲು ಆಗದಾಯಿತು. ಮೊದಲು ನಾಟಕವೆಂದುಕೊಂಡೆ. ನಾಟಕ ನನಗೆ ಗೊತ್ತಾಗದೆ ಇರುವುದಿಲ್ಲ, ಅದು ನಾಟಕವಾಗಿರಲಿಲ್ಲ. ತುತ್ತು ಬಾಯಿಗೆ ಹೋಗುತ್ತದೆ, ಗಂಟಲ ಹತ್ತಿರ ನಿಲ್ಲುತ್ತದೆ, ಕಣ್ಣು ಹೊರಗೆ ಬರುತ್ತದೆ. "ಗುಂಡಂದು ಏನೋ ಕುಂತೈತಿ," ಎನ್ನುತ್ತಿದ್ದ. ಶಿರಸಿಯಲ್ಲಿ ತೋರಿಸಿದೆವು, ಹುಬ್ಬಳ್ಳಿಯಲ್ಲಿ ಗಂಟಲೊಳಗೆ ಕ್ಯಾಮೆರಾ ಬಿಟ್ಟು ನೋಡಿದರು. ಏನೂ ಇಲ್ಲ. ಅಂದಿನಿಂದ ಅವನಿಗೆ ತಿಳಿ ಗಂಜಿಯೇ ಗತಿ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅವನು ಅಜ್ಜನ ಕುರ್ಚಿಯ ಮುಂದೆ ಬಂದು ನೆಲದ ಮೇಲೆ ಕೂತ. ಕಾಲು ಹಿಡಿದುಕೊಂಡ. ಆಮೇಲೆ ನನ್ನ ಕಡೆ ತಿರುಗಿದ. "ತಮ್ಮಾ, ಅಪ್ಪನ ಧ್ವನೀಲೆ ಒಂದ ಮಾತ ಅಂದಬಿಡೋ. 'ಹೋಗ್ಲಿ ಬಿಡು' ಅನ್ನು, ಸಾಕು. ನಿನಗೇನು, ಆಟ ಅದು."

ನಾನು ಗದ್ದ ಒಳಗೆಳೆದೆ. ಉಸಿರು ಹಿಡಿದೆ. ನಾಲಿಗೆ ಹಲ್ಲಿಗೆ ಒತ್ತಿದೆ. "ಹೋಗ್ಲಿ ಬಿಡು" ಎಂದೆ. ತೆಳ್ಳಗಿನ, ನನಗೇ ಗುರುತು ಸಿಗದ ಒಂದು ಧ್ವನಿ ಬಂತು. ನನ್ನ ಸ್ವಂತದ್ದಿರಬೇಕು. ಮತ್ತೆ ಪ್ರಯತ್ನಿಸಿದೆ. ಗಂಟಲು ಕೆಟ್ಟಿದೆಯೇನೋ ಎಂದು ಕಂಡಕ್ಟರನ ಧ್ವನಿ ತೆಗೆದು ನೋಡಿದೆ. "ಬನವಾಸಿ, ಬನವಾಸಿ, ಮುಂದ ಸರ್ಕೊಳ್ರಿ" ಎಂದು ಲಕ್ಷಣವಾಗಿ ಬಂತು. ಅಜ್ಜನದು ಬರಲಿಲ್ಲ. ಅಜ್ಜನಿಗೆ ಮಾತೇ ಬೇಕಿರಲಿಲ್ಲ. ಸರಿ ಇದ್ದ ಕೈಯನ್ನು ಮಗನ ತಲೆಯ ಮೇಲೆ ಇಟ್ಟಿದ್ದರೂ ಆಗುತ್ತಿತ್ತು. ಆ ಕೈ ತಾಟಿನಲ್ಲಿದ್ದ ರೊಟ್ಟಿ ಮುರಿಯುತ್ತಿತ್ತು.

ಶಿರಸಿಯಲ್ಲಿ ನರ್ಸ್ ಆಗಿರುವ ನನ್ನ ಗೆಳೆಯ ಇದಕ್ಕೆಲ್ಲ ಅರ್ಥ ಹೇಳುತ್ತಾನೆ. ಬಗ್ಗದ ನಡು, ಗುಂಡಗೆ ಮಾಡಿದ ಬೆರಳು, ಕಾಕಾನ ಅವಸರ, ಎಲ್ಲ ನನ್ನ ತಲೆಯೊಳಗೆ ತಾವೇ ಕೂಡಿಕೊಂಡು ಬಾಯಿಗೆ ಬಂದವಂತೆ. ಕಾಕಾನದು ಮನಸ್ಸಿನ ಭಯವಂತೆ. ಇರಬಹುದು. ಆದರೆ ನೀಲಿ ಗೆರೆಯನ್ನು ಯಾವ ಬೆರಳೂ ತೋರಿಸಿರಲಿಲ್ಲ. ಅಜ್ಜನನ್ನು ನೋಡಿ ನಕ್ಕಿದ್ದು ನಿಜವೆಂದು ಕಾಕಾ ಆಮೇಲೆ ಅವ್ವನ ಮುಂದೆ ತಾನಾಗಿ ಹೇಳಿದ. ಆ ನಗುವನ್ನು ಅಜ್ಜನ ಹೊರತು ಕಂಡವರಿರಲಿಲ್ಲ. ಇದನ್ನು ಕೇಳಿದರೆ ಗೆಳೆಯ ಚಹಾ ಆರುತ್ತಿದೆ ಕುಡಿ ಎನ್ನುತ್ತಾನೆ.

ಹಿಂದಿನ ಗೋಡೆ ಇನ್ನೂ ಹಾಗೇ ನಿಂತಿದೆ. ಈಗಂತೂ ಯಾವ ಗೌಂಡಿಯೂ ಅದರ ನೆರಳಿಗೂ ಬರುವುದಿಲ್ಲ. ಗಿರಣಿ ಓಡುವಾಗ, ಯಾರಿಗೂ ಕೇಳಿಸದ ಹೊತ್ತು ನೋಡಿ, ನಾನು ಆಗಾಗ ಅಜ್ಜನ ಧ್ವನಿ ತೆಗೆಯಲು ನೋಡುತ್ತೇನೆ. ಅದು ಬರುವುದಿಲ್ಲವೋ, ಕಿಟಕಿಯ ಖಾಲಿ ಕಟ್ಟೆ ಕಣ್ಣಿಗೆ ಬಿದ್ದು ನಾನೇ ಮನಸಾರೆ ಕರೆಯುವುದಿಲ್ಲವೋ, ಹೇಳಲಾರೆ. ಊಟಕ್ಕೆ ಈಗಲೂ ಮೂವರೂ ಒಟ್ಟಿಗೇ ಕೂರುತ್ತೇವೆ. ಕಾಕಾ ಬಟ್ಟಲೆತ್ತಿ ಗಂಜಿ ಗುಟುಕರಿಸುತ್ತಾನೆ. ಎದುರಿಗೆ ಅಜ್ಜ ಖಡಕ್ ರೊಟ್ಟಿ ಮುರಿದು, ಅವನನ್ನೇ ನೋಡುತ್ತ, ಕಟಂ ಕಟಂ ಎಂದು ಅಗಿಯುತ್ತಾನೆ. ಮುಖದ ಒಂದು ಪಕ್ಕ ಮೇಲೆದ್ದಿರುತ್ತದೆ. ಅದು ನಗುವೋ, ಲಕ್ವವೋ, ಅವನ ಬಾಯಿಯನ್ನೇ ಓದಿ ಬೆಳೆದ ನನಗೂ ಇನ್ನೂ ತಿಳಿದಿಲ್ಲ.